ಮೂರು ವರ್ಷ ತುಂಬುವವರೆಗೆ

ಮೊದಲು ಗೊತ್ತಾದದ್ದು ಹುಳಿಯಲ್ಲಿ.

ನಾನು ಕಡೂರಿನ ಒಂದು ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಉಪ್ಪು ನೋಡಲು ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವುದು ಅಭ್ಯಾಸ. ಆ ದಿನ ಬಲಗೆನ್ನೆಯ ಒಳಗೆ ಕೆಂಡ ಇಟ್ಟಂತಾಯಿತು. ಖಾರ ಜಾಸ್ತಿಯಾಯಿತೇನೋ ಎಂದು ಜೊತೆಯ ಪುಟ್ಟಮ್ಮನ ಕೈಗೂ ಎರಡು ಹನಿ ಬಿಟ್ಟೆ.

"ಖಾರನೇ ಇಲ್ಲ ಕಣಕ್ಕಾ, ಸಪ್ಪೆ" ಅಂದಳು.

ಆಮೇಲೆ ಮುದ್ದೆ. ತುತ್ತು ಚಿಕ್ಕದಾಗುತ್ತಾ ಬಂತು. ನಿಂಬೆಹಣ್ಣಿನಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಯಿತು, ಕೊನೆಗೆ ಕಡಲೆಬೀಜದಷ್ಟು. ತುತ್ತು ಸಣ್ಣ ಮಾಡಿಕೊಂಡರೆ ಆಯಿತಲ್ಲ ಎಂದುಕೊಂಡು ಮೂರು ತಿಂಗಳು ಕಳೆದೆ.

ಹಲ್ಲಿನ ಡಾಕ್ಟರ್ ಮೂರು ಬೆರಳು ಜೋಡಿಸಿ ಬಾಯಿಗೆ ಹಾಕಿಕೊಳ್ಳಿ ಅಂದರು. ಚೆನ್ನಾಗಿರುವವರಿಗೆ ಮೂರೂ ಹೋಗಬೇಕಂತೆ. ನನಗೆ ಒಂದೂವರೆ. ಕೆನ್ನೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು.

ಕ್ಯಾನ್ಸರ್.

ಆ ಸಂಜೆ ನಮ್ಮ ಯಜಮಾನರು ಮಾಡಿದ ಮೊದಲ ಕೆಲಸವೆಂದರೆ ತಮ್ಮನಿಗೆ ಫೋನ್. ಮೈದುನ ಮಂಜುನಾಥ ತರೀಕೆರೆಯಲ್ಲಿ ವಿಮೆ ಏಜೆಂಟ್. ಎರಡು ವರ್ಷ ಎರಡು ತಿಂಗಳ ಹಿಂದೆ ನನ್ನ ಹೆಸರಿನಲ್ಲಿ ನಲವತ್ತು ಲಕ್ಷದ ಟರ್ಮ್ ಪಾಲಿಸಿ ಮಾಡಿಸಿದ್ದ. ಸ್ಪೀಕರ್ ಹಾಕಿ ಮಾತಾಡಿದರು. ನಾನು ಅಲ್ಲೇ ರೊಟ್ಟಿ ಹಿಟ್ಟು ಕಲಸುತ್ತಿದ್ದೆ.

"ಆಸ್ಪತ್ರೆ ಖರ್ಚಿಗೆ ಎಷ್ಟು ಬತ್ತದೋ?"

"ಇದ್ರಲ್ಲಿ ಆಸ್ಪತ್ರೆ ಖರ್ಚು ಬರಲ್ಲಣ್ಣ. ಇದು ಟರ್ಮು."

"ಹಂಗಂದ್ರೆ?"

"ಹಂಗಂದ್ರೆ... ಅತ್ತಿಗೆ ಹೋದ್ರೆ ಮಾತ್ರ."

"ಎಲ್ಲಿಗೋ?"

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

"ಕಾಯ್ಲೆಗೆ ಅಂತ ಬೇರೆ ರೈಡರ್ ಇತ್ತು, ಕಂತು ಸ್ವಲ್ಪ ಜಾಸ್ತಿ ಕಟ್ಟಿದ್ರೆ ಸಿಗ್ತಿತ್ತು. ಅತ್ತಿಗೆನೇ ಬ್ಯಾಡ ಅಂದ್ರು" ಎಂದ ಮಂಜುನಾಥ.

ನಿಜ. ನಾನೇ ಬೇಡವೆಂದಿದ್ದೆ. ನನಗೇನು ಕಾಯಿಲೆ ಬರುತ್ತೆ, ಮುಂದೆ ಚೈತ್ರಂಗೆ ಆದರೆ ಸಾಕು ಅಂದಿದ್ದೆ. ಚೈತ್ರ ನಮ್ಮ ಒಬ್ಬಳೇ ಮಗಳು, ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ನಾಮಿನಿ ಅವಳೇ.

ಆಮೇಲೆ ಮೈದುನನ ದನಿ ತಗ್ಗಿತು. "ಅಣ್ಣಾ, ಅತ್ತಿಗೆ ಹೊಗೆಸೊಪ್ಪು ಹಾಕ್ತಾರೆ ಅಂತ ಡಾಕ್ಟ್ರಿಗೆ ಹೇಳಿಲ್ಲ ತಾನೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೈತ್ರ ಹುಟ್ಟಿದಾಗ ಅಜ್ಜಂಪುರದ ತವರಿನಲ್ಲಿ ಬಾಣಂತನ. ಊಟವಾದ ಮೇಲೆ ಅಮ್ಮ ಎಲೆ ಅಡಿಕೆ ಮಡಿಸಿ ಬಾಯಿಗೆ ಇಡುತ್ತಿದ್ದರು. ಹಲ್ಲುನೋವು ಅಂದಾಗ ಅದಕ್ಕೇ ಚಿಟಿಕೆ ಹೊಗೆಸೊಪ್ಪು ಸೇರಿಸಿದರು. ನೋವು ಹೋಯಿತು, ಹೊಗೆಸೊಪ್ಪು ಉಳಿಯಿತು. ನಮ್ಮ ಕಡೆ ಹೆಂಗಸರಿಗೆ ಅದು ಊಟದ ಕೊನೆಯ ತುತ್ತು. ಚಟ ಅನ್ನುವುದು ಬೀಡಿಗೆ, ಸಾರಾಯಿಗೆ.

ಪಾಲಿಸಿಯ ಅರ್ಜಿ ತುಂಬಲು ಮಂಜುನಾಥ ಬಂದ ದಿನ ಊಟ ಮಾಡಿ, ನನ್ನ ಡಬ್ಬಿಯಿಂದಲೇ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕುಳಿತಿದ್ದ. ಮೊಬೈಲ್ ನೋಡುತ್ತಾ ಕೇಳಿದ. "ಅತ್ತಿಗೆ, ಬೀಡಿ, ಸಿಗರೇಟು, ತಂಬಾಕು?"

"ಥೂ, ನಾನೇನ್ ಗಂಡಸೇನೋ?" ಅಂದೆ.

ಇಬ್ಬರ ಬಾಯಲ್ಲೂ ಎಲೆ ಅಡಿಕೆ ತುಂಬಿತ್ತು. ಇಬ್ಬರೂ ನಕ್ಕೆವು. ಅವನು 'ಇಲ್ಲ' ಒತ್ತಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನಿಸಲೇ ಇಲ್ಲ. ಅವನಿಗೆ ಅನಿಸಿತ್ತೋ ಏನೋ, ಕೇಳಿಲ್ಲ.

ಶಿವಮೊಗ್ಗದ ಆಸ್ಪತ್ರೆಗೆ ರೈಲಿನಲ್ಲಿ ಹೊರಟೆವು, ನಾನು, ಯಜಮಾನರು, ಚೈತ್ರ. ತರೀಕೆರೆಯಲ್ಲಿ ಮಂಜುನಾಥ ಹತ್ತಿದ. ಎದುರು ಕುಳಿತು ಮಗುವಿಗೆ ಪಾಠ ಹೇಳುವಂತೆ ಹೇಳಿದ. ಅರ್ಜಿಯಲ್ಲಿ ಇಲ್ಲ ಎಂದಿದೆ. ಆಸ್ಪತ್ರೆಯ ಕಾಗದದಲ್ಲಿ ಹೌದು ಎಂದು ಬಂದರೆ, ನಾನು ಸತ್ತ ಮೇಲೆ ಕಂಪನಿಯವರು ಆ ಕಾಗದ ತೆಗೆಸಿ ಕ್ಲೇಮ್ ತಳ್ಳಿಹಾಕಬಹುದು. ಪಾಲಿಸಿಗೆ ಮೂರು ವರ್ಷ ತುಂಬಿಬಿಟ್ಟರೆ ಆ ಮಾತು ಎತ್ತುವ ಹಾಗಿಲ್ಲ.

"ಇನ್ನು ಹತ್ತೇ ತಿಂಗ್ಳು ಅತ್ತಿಗೆ. ಡಾಕ್ಟ್ರು ಕೇಳಿದ್ರೆ ಬಾಯಿ ಬಿಡ್ಬ್ಯಾಡಿ."

"ಅವಳಿಗೆ ಬಿಡಕ್ಕಾದ್ರೆ ತಾನೆ" ಅಂದರು ಯಜಮಾನರು. ನಕ್ಕರು. ನಾನೂ ನಗಲು ಹೋದೆ, ಕೆನ್ನೆ ಎಳೆಯಿತು.

ಡಾಕ್ಟರ್ ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವರಿರಬೇಕು. ಟೈಪ್ ಮಾಡುತ್ತಾ ಕೇಳಿದರು. "ತಂಬಾಕು ಹಾಕ್ತೀರಾ?"

"ಇಲ್ಲ ಮೇಡಂ, ಅಂಥದ್ದೆಲ್ಲ ಇಲ್ಲ" ಎಂದ ಮಂಜುನಾಥ.

ಅವರು ಟಾರ್ಚು ಎತ್ತಿ ನನ್ನ ಹಲ್ಲು ನೋಡಿದರು. ಆಮೇಲೆ ಅವನನ್ನು ನೋಡಿದರು. "ಬಾಯಿ ಅವರದು. ಅವರೇ ಹೇಳ್ಲಿ. ಅಮ್ಮಾ, ಇನ್ನೊಂದು ಕೆನ್ನೆನೂ ನಾನು ಕಾಯ್ಬೇಕು. ನಿಜ ಗೊತ್ತಿಲ್ಲದೆ ಹೆಂಗೆ ಕಾಯ್ಲಿ?"

ಚೈತ್ರ ನನ್ನ ಕೈ ಹಿಡಿದಿದ್ದಳು. ಬಿಗಿಯಾಗಿ ಒತ್ತಿದಳು. ಯಾಕೆ ಒತ್ತಿದಳೆಂದು ನನಗೆ ಗೊತ್ತಾಯಿತು.

"ಇಪ್ಪತ್ತೆರಡು ವರ್ಷದಿಂದ" ಅಂದೆ.

ಡಾಕ್ಟರ್ ಟೈಪ್ ಮಾಡಿದರು.

ಸತ್ಯಕ್ಕೆ ಹೆದರಿ ಹೇಳಿದೆ ಎಂದರೆ ಅದೇ ಸುಳ್ಳಾಗುತ್ತದೆ. ಹೆದರಿದ್ದು ಸಾವಿಗೆ. ಆ ಗಳಿಗೆಯಲ್ಲಿ ಮಗಳ ಮುಂದಿನ ದಾರಿಗಿಂತ ನನ್ನ ಇನ್ನೊಂದು ಕೆನ್ನೆ ದೊಡ್ಡದಾಗಿ ಕಂಡಿತು. ಅದನ್ನು ಬರೆಯಲು ಈಗಲೂ ನಾಚಿಕೆ.

ವಾಪಸು ಬರುವಾಗ ಮಂಜುನಾಥ ಒಂದೇ ಮಾತು ಆಡಿದ. "ಹುಡುಗಿ ಅನ್ನಕ್ಕೆ ಮಣ್ಣು ಹಾಕಿದ್ರಿ ಅತ್ತಿಗೆ." ತರೀಕೆರೆ ಬಂದಾಗ ಹೇಳದೆ ಇಳಿದು ಹೋದ. ಯಜಮಾನರು ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಬೀರೂರು ದಾಟಿದ ಮೇಲೆ ಚೈತ್ರ ಕೇಳಿದಳು.

"ನಂಗೋಸ್ಕರ ಒಂದ್ ಸುಳ್ಳು ಹೇಳಕ್ಕಾಗ್ಲಿಲ್ವಾ ಅಮ್ಮ?"

ಸರ್ಕಾರದ ಆರೋಗ್ಯ ಕಾರ್ಡ್ ಇದ್ದದ್ದರಿಂದ ಖರ್ಚಿಲ್ಲದೆ ಆಪರೇಷನ್ ಬೇಗ ಆಯಿತು. ಬಲದವಡೆಯ ತುಂಡು ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಮೂಗಿನಲ್ಲಿ ಟ್ಯೂಬ್. ಆಮೇಲೆ ರೇಡಿಯೇಷನ್. ಜೊಲ್ಲು ಬತ್ತಿಹೋಯಿತು. ಟ್ಯೂಬ್ ತೆಗೆದ ದಿನ ಬಾಯಿಗೆ ಬಿದ್ದ ಗಂಜಿಗೆ ಸುಣ್ಣದ ನೀರಿನ ರುಚಿ. ಜೀವಮಾನವಿಡೀ ಉಪ್ಪು ನೋಡಿದವಳಿಗೆ ಉಪ್ಪು ಯಾವುದೆಂದು ತಿಳಿಯಲಿಲ್ಲ.

ಮನೆಗೆ ಬಂದಾಗ ಅಡುಗೆಮನೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಕೊನೆಯ ಹಾಳೆಗಳ ಕಡೆ ಒಂದು ತಾರೀಕಿಗೆ ಕೆಂಪು ಪೆನ್ನಿನ ಸುತ್ತು. ಯಾರದೂ ಹುಟ್ಟುಹಬ್ಬವಲ್ಲ, ಹಬ್ಬವೂ ಅಲ್ಲ.

ಮೂರು ವರ್ಷ ತುಂಬುವ ದಿನ.

ಅಲ್ಲಿಯವರೆಗೆ ನನ್ನನ್ನು ನೋಡಿಕೊಂಡ ಹಾಗೆ ಹಡೆದ ತಾಯಿಯೂ ನೋಡಿಕೊಂಡಿರಲಿಲ್ಲ. ಬೆಳಿಗ್ಗೆ ಏಳಕ್ಕೆ ರಾಗಿ ಅಂಬಲಿ, ಹತ್ತಕ್ಕೆ ಮೊಟ್ಟೆ ಕದಡಿದ ಹಾಲು, ಒಂದಕ್ಕೆ ಗಂಜಿ. ಗಂಜಿಯನ್ನು ಚೈತ್ರ ಬಿಳಿ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸುತ್ತಿದ್ದಳು. ಒಂದು ಅಗುಳೂ ಹೊಲಿಗೆಗೆ ಸಿಕ್ಕಬಾರದು. ನೆಗಡಿಯಾದವರನ್ನು ಯಜಮಾನರು ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಮಂಜುನಾಥ ಕೂಡ ಮತ್ತೆ ಬರತೊಡಗಿದ, ಮೂಸಂಬಿ ಹಿಡಿದು. "ಹೆಂಗೈದೀರಿ ಅತ್ತಿಗೆ? ಗಟ್ಟಿಯಾಗಿರ್ಬೇಕು" ಅನ್ನುತ್ತಿದ್ದ. ಅನ್ನುವಾಗ ಕ್ಯಾಲೆಂಡರ್ ನೋಡದೆ ಇರಲು ಪಾಪ ಕಷ್ಟಪಡುತ್ತಿದ್ದ.

ಆ ಸುತ್ತಿನ ದಿನ ಬಂತು. ಯಜಮಾನರು ಶಾವಿಗೆ ಪಾಯಸ ಮಾಡು ಅಂದರು ಮಗಳಿಗೆ. ನನಗೆ ಅದರ ತೆಳುವಾದ ಹಾಲು ಕೊಟ್ಟರು. ಸಿಹಿ ಸ್ವಲ್ಪ ಗೊತ್ತಾಯಿತು.

ಮಾರನೆಯ ದಿನ ಗಂಜಿ ಬಂದದ್ದು ಎರಡೂವರೆಗೆ. ಸೋಸಿರಲಿಲ್ಲ. ಅಗುಳೊಂದು ಹೊಲಿಗೆಯ ಸಂದಿಯಲ್ಲಿ ಕೂತಿತು. ಕನ್ನಡಿಯ ಮುಂದೆ ನಿಂತು ಹತ್ತಿಕಡ್ಡಿಯಿಂದ ತೆಗೆಯಲು ಬಹಳ ಹೊತ್ತು ಹಿಡಿಯಿತು. ಚೈತ್ರಳಿಗೆ ಅಂದು ಪರೀಕ್ಷೆ ಇತ್ತು. ಅದಕ್ಕೇ ಇರಬೇಕು.

ಅದಾಗಿ ಐದು ತಿಂಗಳು. ಈಗ ಗಂಜಿ ನಾನೇ ಸೋಸಿಕೊಳ್ಳುತ್ತೇನೆ. ಹಾಸ್ಟೆಲಿಗೂ ಹೋಗುತ್ತೇನೆ, ಉಪ್ಪು ಮಾತ್ರ ಪುಟ್ಟಮ್ಮ ನೋಡುತ್ತಾಳೆ. ಹೊಗೆಸೊಪ್ಪಿನ ಡಬ್ಬಿಯನ್ನು ಹಿತ್ತಲಲ್ಲಿ ಹೂತಿದ್ದೇನೆ. ಅರ್ಜಿ ತುಂಬುವಾಗ ಎಲೆ ಅಡಿಕೆಯ ಜೊತೆ ಏನು ಹಾಕುತ್ತೀರೆಂದು ಬಿಡಿಸಿ ಹೇಳಿ ಎಂದು ಸಿಕ್ಕ ಹೆಂಗಸರಿಗೆಲ್ಲ ಹೇಳುತ್ತೇನೆ. ನಗುತ್ತಾರೆ.

ಈ ವರ್ಷದ ಕಂತನ್ನೂ ಕಟ್ಟಿದೆ. ನಾನು ಸತ್ತರೆ ಈಗ ಮಗಳಿಗೆ ಹಣ ಸಿಗುತ್ತದಂತೆ. ಬದುಕಿದರೆ ಯಾರಿಗೂ ಏನೂ ಇಲ್ಲ.

ಹೋದ ವಾರ ಚೆಕಪ್‌ನಲ್ಲಿ ಡಾಕ್ಟರ್ ಬೆರಳು ಹಾಕಿಸಿದರು. ಎರಡು ಹೋಯಿತು. ತೂಕವೂ ಏರಿದೆ. "ಮನೇಲಿ ಚೆನ್ನಾಗಿ ನೋಡ್ಕೊಂಡಿದಾರೆ ಅಮ್ಮ ನಿಮ್ಮನ್ನ" ಅಂದರು. ಹೌದು ಅಂದೆ. ಯಾತಕ್ಕಾಗಿ ಕೊಟ್ಟರೋ ಅವರಿಗೇ ಗೊತ್ತು. ಆ ದಿನಗಳ ಗಂಜಿ ನನ್ನ ಮೈಗೆ ಹತ್ತಿದೆ.