ಕಸದ ಗೆರೆಯ ಮೇಲೆ ಉತ್ತರದ ಹಕ್ಕಿ

ನನ್ನ ಬಾಯಿಗೆ ಬೀಗವಿಲ್ಲ. ಇದ್ದಿದ್ದರೆ ಏಪ್ರಿಲ್ ತಿಂಗಳ ಆ ಶನಿವಾರ ಬೆಳಗ್ಗೆ ಆರು ಗಂಟೆಗೆ ದುಬೈಯ ಬಂದರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ.

ಆದದ್ದಿಷ್ಟು. ಜುಮೇರಾ ಲೇಕ್ ಟವರ್ಸಿನ ನಮ್ಮ ಆಫೀಸಿನಲ್ಲಿ ನಾರ್ವೆಯ ಒಬ್ಬ ಹಿರಿಯ ಇಂಜಿನಿಯರ್ ಇದ್ದರು. ಬೇಸಿಗೆಯಲ್ಲಿ ಸೂರ್ಯ ಮುಳುಗದಂಥ ಉತ್ತರ ತುದಿಯ ಊರು ಅವರದು. ಅವರ ಮನೆಯ ಹಿಂದಿನ ಜೌಗಿನಲ್ಲಿ ಒಂದು ಹಕ್ಕಿ ಗೂಡು ಕಟ್ಟುತ್ತದಂತೆ. ಗುಬ್ಬಿಗಿಂತ ಚೂರು ದೊಡ್ಡದು, ಕತ್ತಿನಲ್ಲಿ ಕೆಂಪು ಪಟ್ಟಿ. ಚಳಿಗಾಲಕ್ಕೆ ಅವು ಅರಬ್ಬೀ ಸಮುದ್ರಕ್ಕೆ ಬಂದು, ತಿಂಗಳುಗಟ್ಟಲೆ ನೀರಿನ ಮೇಲೆಯೇ ಇದ್ದು, ವಾಪಸ್ ಹೋಗುವಾಗ ಒಂದಿಷ್ಟು ಈ ಕೊಲ್ಲಿಯಲ್ಲೂ ತಂಗುತ್ತವೆ. ಹನ್ನೆರಡು ವರ್ಷ ತಮ್ಮ ಸಣ್ಣ ಹಾಯಿದೋಣಿಯಲ್ಲಿ ಹುಡುಕಿದರೂ ಅವರಿಗೆ ಇಲ್ಲಿ ಒಂದೇ ಒಂದು ಕಂಡಿರಲಿಲ್ಲ. ಈಗ ನಿವೃತ್ತಿಯಾಗಿತ್ತು. ದೋಣಿ ಮಾರಿದ್ದರು, ಶನಿವಾರ ಮಧ್ಯಾಹ್ನ ಕೊಂಡವರಿಗೆ ಒಪ್ಪಿಸಬೇಕಿತ್ತು. ಬೀಳ್ಕೊಡುಗೆಯ ಕೇಕ್ ತಿನ್ನುತ್ತಾ, "ಅದೊಂದು ಆಸೆ ಉಳಿದೇಹೋಯಿತು" ಎಂದರು.

"ಉಳಿಯುವುದೆಂತ? ನನ್ನಣ್ಣ ಗಂಗೊಳ್ಳಿಯ ತಾಂಡೇಲ, ನಲವತ್ತು ವರ್ಷ ಕಡಲಲ್ಲಿ ದೋಣಿ ನಡೆಸಿದವನು. ವಿಸಿಟ್ ವೀಸಾದಲ್ಲಿ ಬಂದು ನಮ್ಮ ಮನೆಯಲ್ಲೇ ಇದ್ದಾನೆ. ಶನಿವಾರ ತೋರಿಸಿಯೇ ಸೈ!" ಎಂದುಬಿಟ್ಟೆ. ಅದೂ ಇಡೀ ಆಫೀಸಿನ ಎದುರು.

ಅಣ್ಣನಿಗೆ ಹೇಳಿದಾಗ ಹಕ್ಕಿಯ ಮಾತು ಕಿವಿಗೇ ಬೀಳಲಿಲ್ಲ. "ನೀನೂ ದೋಣಿ ಹತ್ತುದಾ?" ಎಂದ. ನಮ್ಮ ಮನೆಯಲ್ಲಿ ಹೆಂಗಸರು ದೋಣಿ ಹತ್ತಿದವರಲ್ಲ. ಮೀನು ಹೊರುವುದು, ಮಾರುವುದು, ಬಲೆ ಚೊಕ್ಕ ಮಾಡುವುದು ನಮಗೆ, ಕಡಲು ಅವರಿಗೆ. ಐವತ್ತೆರಡು ವರ್ಷ ಕಡಲನ್ನು ದಡದಿಂದಲೇ ನೋಡಿದ್ದೆ. "ಇದು ನಿನ್ನ ದೋಣಿಯಲ್ಲ ಮಾರಾಯ, ಅವರದು" ಎಂದೆ. ಬಂದರಿನಲ್ಲಿ ಅಣ್ಣ ದೋಣಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ನಾನೂ ಹಾಗೆಯೇ ಮಾಡಿದೆ. ಅವನು ಮುಖ ತಿರುಗಿಸಿದ.

ದಡದಿಂದ ದೂರ ಹೋದ ಮೇಲೆ ದೋಣಿಯ ಯಜಮಾನರಾದ ಇಂಜಿನಿಯರ್ ಚುಕ್ಕಾಣಿಯನ್ನು ಗೌರವದಿಂದ ಅಣ್ಣನಿಗೆ ಕೊಟ್ಟರು. ಅಣ್ಣ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ದೂರದಲ್ಲಿ ಹಕ್ಕಿಗಳು ನೀರಿಗೆ ಧುಮುಕುತ್ತಿದ್ದವು. "ಕಾಣ್, ಅಲ್ಲಿತ್ತ್! ಹೋಪ!" ಎಂದ. ಹೋದೆವು. ಬಿಳಿ ಕಡಲಹಕ್ಕಿಗಳು ಮೀನು ಹಿಡಿಯುತ್ತಿದ್ದವು. ಇನ್ನೊಂದು ಹಿಂಡು ಕಂಡಿತು, ಅಲ್ಲೂ ಅವೇ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಒಂಬತ್ತೂವರೆ. ಯಜಮಾನರು ದುರ್ಬೀನು ಇಳಿಸಿ, "ಖಲಾಸ್. ಪರವಾಗಿಲ್ಲ, ಒಳ್ಳೆಯ ಗಾಳಿಯಾದರೂ ಸಿಕ್ಕಿತು" ಎಂದು ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ನನ್ನದು ಕೇಕಿಗೆ ಹೋಗಿತ್ತು.

ಸಿಟ್ಟಿಗೆ ಕೇಳಿದೆ, "ಆ ಹಕ್ಕಿ ತಿನ್ನುವುದಾದರೂ ಏನು?"

"ಮೀನಲ್ಲ. ಸಾಸಿವೆಗಿಂತ ಸಣ್ಣ ಹುಳ. ನೀರಿನ ಮೇಲೆ ತೇಲುವಂಥದ್ದು."

ಅಯ್ಯೋ ದೇವರೇ! ಬೆಳಗ್ಗೆಯಿಂದ ನಾವು ಮೀನುಗಾರರ ಹಾಗೆ ಮೀನು ತಿನ್ನುವ ಹಕ್ಕಿಯ ಬೆನ್ನು ಹತ್ತಿದ್ದೆವು. ಎರಡು ನೀರು ಕೂಡುವ ಕಡೆ ಕಡಲ ಮೇಲೆ ನೊರೆ, ಕಸ, ಪಾಚಿ ಸೇರಿ ಉದ್ದದ ಗೆರೆಯಾಗುತ್ತದೆ. ಯಾವ ತಾಂಡೇಲನೂ ಬೇಕೆಂದು ಅಲ್ಲಿಗೆ ಹೋಗುವುದಿಲ್ಲ, ಬಲೆ ಹಾಳು. ತಪ್ಪಿ ಹೋದ ದಿನ ಗಂಡಸರು ಬಲೆಯನ್ನು ಮರಳ ಮೇಲೆ ಬಿಸಾಡಿ ಮಲಗುತ್ತಿದ್ದರು, ಅಮ್ಮನೂ ನಾನೂ ಅದರ ಕಣ್ಣುಕಣ್ಣು ಬಿಡಿಸಿ ತೊಳೆಯುತ್ತಿದ್ದೆವು. ಆ ಲೋಳೆಯಲ್ಲಿ ಮಿಜಿಮಿಜಿ ಎನ್ನುತ್ತಿದ್ದ ಸಣ್ಣ ಜೀವಗಳನ್ನು ನನ್ನ ಉಗುರಿನ ಸಂದಿಯಿಂದ ಎಷ್ಟು ಸಲ ತೆಗೆದಿಲ್ಲ!

"ಅಣ್ಣ, ಕಸದ ಗೆರೆಗೆ ಹೋಗುವ."

"ಮರ್ಲಾ ನಿಂಗೆ? ಅಲ್ಲೆಂತ ಇತ್ತ್? ಬರೀ ಕಸ!"

"ಆ ಕಸ ತೊಳೆದವಳು ನಾನು. ಅದರಲ್ಲಿ ಎಂತ ಉಂಟೆಂದು ನಿನಗೆ ಗೊತ್ತುಂಟಾ?" ನನ್ನ ದನಿ ಏರಿತ್ತು. ಯಜಮಾನರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತೆಂದು ಕಾಣುತ್ತದೆ. ಅವರು ಅಣ್ಣನ ಕಡೆ ನೋಡಿ, ನನ್ನ ಕಡೆ ಕೈ ತೋರಿಸಿ, "ಯಲ್ಲಾ, ಹೊರಡಿ" ಎಂದರು.

ನೀರಿನ ಬಣ್ಣ ಬದಲಾಗುವ ಕಡೆಗೆ ನಾನು ಬೆರಳು ಮಾಡಿದೆ. ಅಣ್ಣ ಗೊಣಗುತ್ತಾ ತಿರುಗಿಸಿದ. ಅರ್ಧ ಗಂಟೆಯಲ್ಲಿ ಗೆರೆ ಸಿಕ್ಕಿತು. ಹಳದಿ ನೊರೆ, ನೀರಿನ ಬಾಟಲಿಗಳು, ಒಂದು ಒಡೆದ ಥರ್ಮೊಕೋಲ್ ಪೆಟ್ಟಿಗೆ. "ಹಕ್ಕಿ ಕಾಂತಿತ್ತಾ?" ಎಂದು ಅಣ್ಣ ಹಂಗಿಸಿದ. ಗೆರೆಯನ್ನೇ ಹಿಡಿದು ಹೋಗೆಂದೆ.

ಪೆಟ್ಟಿಗೆಯಾಚೆ ನೊರೆಯೇ ಅಲುಗಾಡಿದಂತಾಯಿತು. ನೊರೆಯಲ್ಲ, ಹಕ್ಕಿಗಳು! ಒಂದು, ಐದು, ನಲವತ್ತೋ ಐವತ್ತೋ. ಪ್ರತಿಯೊಂದೂ ಕೂತಲ್ಲೇ ಬುಗುರಿಯ ಹಾಗೆ ಗಿರಗಿರ ಸುತ್ತುತ್ತಾ ನೀರನ್ನು ಕುಕ್ಕುತ್ತಿತ್ತು. ಕೆಲವಕ್ಕೆ ಆಗಲೇ ಕತ್ತು ಕೆಂಪಾಗಿತ್ತು. ದೋಣಿ ಹತ್ತಿರ ಹೋದರೂ ಅವಕ್ಕೆ ಕ್ಯಾರೇ ಇಲ್ಲ. ನಾನು ಕಿರುಚಿದೆ, ನಾಚಿಕೆಯಿಲ್ಲದೆ ಕಿರುಚಿದೆ. ಅಷ್ಟು ಸಂತೋಷ ನನಗೆ ಮಗಳು ಪಾಸಾದ ದಿನವೂ ಆಗಿರಲಿಲ್ಲ.

ಯಜಮಾನರು ದುರ್ಬೀನನ್ನು ಅಲ್ಲೇ ಬಿಟ್ಟರು. ಮುಂಭಾಗಕ್ಕೆ ಹೋಗಿ ಮೊಣಕಾಲೂರಿ ಕೂತು, "ಕೆಂಪು ಜಾಸ್ತಿ ಇರುವವು ಹೆಣ್ಣು. ನಮ್ಮಲ್ಲಿ ಮೊಟ್ಟೆಗೆ ಕಾವು ಕೊಡುವುದು ಗಂಡು" ಎಂದರು. ನಾನು ಅದನ್ನು ಅಣ್ಣನಿಗೆ ಅನುವಾದಿಸಿದೆ, ಸ್ವಲ್ಪ ಒತ್ತಿಯೇ ಅನುವಾದಿಸಿದೆ.

"ಇದಾ ಹಕ್ಕಿ!" ಅಣ್ಣ ತಲೆ ಚಚ್ಚಿಕೊಂಡ. "ನಮ್ಮ ಬದಿ ಕಡಲಲ್ಲಿ ಎಷ್ಟ್ ಸಲ ಕಂಡಿದ್ದೆ ಮಾರಾಯ್ತಿ! ಮೀನ್ ತೋರ್ಸುದಿಲ್ಲ ಅಂತ ಲೆಕ್ಕಕ್ಕೇ ತಕಂಡಿರ್ಲಿಲ್ಲ."

ಬಿಸಿಲು ಏರುತ್ತಿತ್ತು, ಹನ್ನೆರಡಕ್ಕೆ ದೋಣಿ ಬಂದರಿನಲ್ಲಿರಬೇಕಿತ್ತು. ಮುಂದೆ ಕೂತಿದ್ದ ಯಜಮಾನರು ತಿರುಗಿಯೂ ನೋಡಲಿಲ್ಲ. ಅಣ್ಣ ಚುಕ್ಕಾಣಿಯ ಮೇಲೆ ಕೈಯಿಟ್ಟುಕೊಂಡೇ ನನ್ನ ಮುಖ ನೋಡಿದ.

"ಈಗ ಎಂತ ಮಾಡುದು, ಹೇಳ್" ಎಂದ. ನಲವತ್ತು ವರ್ಷದಲ್ಲಿ ಅವನು ಕಡಲ ಮೇಲೆ ಯಾರನ್ನೂ ಹಾಗೆ ಕೇಳಿದ್ದಿಲ್ಲ.

"ದೋಣಿ ತಡವಾದರೆ ಆಗಲಿ" ಎಂದೆ. "ಹಾಯಿ ಇಳಿಸು. ಅವರು ಕಣ್ತುಂಬ ನೋಡಲಿ."

ಅಣ್ಣ ಎದ್ದು ಹಾಯಿ ಇಳಿಸಿದ.