ಶಿವಲಿಂಗಂ ಬಂಗಲೆ ನೋಡಲು ಹೋದದ್ದು

ತಮಿಳು ಸೀಮೆಯ ನೆಗಮಂನಲ್ಲಿ, ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ ಶಿವಲಿಂಗಂ ಎಂಬ ವೀರನಿದ್ದ. ಅವನ ಆಯುಧ ಸಂಶಯ. ಅಂಗಡಿಯವನು ನಕ್ಕರೆ ತೂಕದಲ್ಲಿ ಮೋಸ, ನಗದಿದ್ದರೆ ಸರಕಿನಲ್ಲಿ ಮೋಸ. ಪೋಸ್ಟಿನವನು ಕಾಗದ ಕೊಟ್ಟರೆ ಮೊದಲು ಅಂಟು ನೋಡುತ್ತಿದ್ದ, ಆಮೇಲೆ ಪೋಸ್ಟಿನವನ ಮುಖ ನೋಡುತ್ತಿದ್ದ. ಐವತ್ತೆರಡು ವರ್ಷದ ಬಾಳಿನಲ್ಲಿ ಅವನು ಪರೀಕ್ಷೆ ಮಾಡದೆ ನಂಬಿದ್ದು ಒಬ್ಬಳನ್ನೇ, ಮಗಳು ರುಕ್ಮಣಿಯನ್ನು. ಅವನ ಮಗ್ಗಕ್ಕೆ ನೂಲು ಸುತ್ತಿಕೊಡುವವಳು ಅವಳು. ಅವನ ಬೈಗುಳಕ್ಕೆ ನಗುವವಳೂ ಅವಳೊಬ್ಬಳೇ. ಅವಳಿಗೆ ಇಪ್ಪತ್ತೊಂದು ತುಂಬಿತ್ತು. ಬಂದ ಗಂಡುಗಳನ್ನೆಲ್ಲ ಅವನು ಹೊಸಿಲಲ್ಲೇ ಸಂಹರಿಸಿದ್ದ. ಒಬ್ಬನ ಹಲ್ಲು ಅತಿ ಬೆಳ್ಳಗಿತ್ತು. ಇನ್ನೊಬ್ಬ ಕೂರುವ ಮೊದಲೇ ‘ಮಾಮಾ’ ಅಂದಿದ್ದ.

೧೯೮೬ರ ಒಂದು ಶುಕ್ರವಾರ. ಹೆಂಡತಿ ನಾಚಿಯಮ್ಮನ ತಮ್ಮ ರಾಮಲಿಂಗಂ ತಿರುಪ್ಪೂರಿನ ಬನಿಯನ್ ಕಂಪನಿಗೆ ರಜೆ ಹಾಕಿ ಬಂದವನು ಅಡುಗೆಮನೆಯಲ್ಲಿ ಅಕ್ಕನ ಜೊತೆ ಪಿಸುಗುಟ್ಟುತ್ತಿದ್ದ. ಶಿವಲಿಂಗಂ ಮಗ್ಗದ ಗುಳಿಯಲ್ಲಿ ಕಾಲಿಳಿಬಿಟ್ಟು ಲಾಳಿ ಹೊಡೆಯುತ್ತಿದ್ದ. ಆ ಟಕಟಕದ ನಡುವೆ ಕಿವಿಗೆ ಇಷ್ಟು ಬಿತ್ತು.

“ಆಯ್ತವಾರ ಬಂಗ್ಲಾಗೆ ಓಗಿ ಎಣ್ಣು ನೋಡ್ಕಂಡು ಬರಾಣಕ್ಕಾ. ಬಾವನ್ಗೆ ಏಳ್ಬ್ಯಾಡ, ಕಾರಿಯಂ ಕೆಡಿಸ್ಬಿಡ್ತಾರೆ.”

ಹಕಾರವೆಂಬ ಅಕ್ಷರ ನಮ್ಮ ಬೀದಿಗೆ ಬಂದೇ ಇಲ್ಲ. ಎಣ್ಣು ಅಂದರೆ ಹೆಣ್ಣು. ಶಿವಲಿಂಗಂ ಲಾಳಿ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ವೈರಿಗೆ ಸುಳಿವು ಸಿಗುತ್ತದೆ. ಆದರೆ ಎಲ್ಲವೂ ಅರ್ಥವಾಗಿತ್ತು. ಬಂಗಲೆ ಬರೀ ನೆಪ. ಯಾವನೋ ತಿರುಪ್ಪೂರಿನವನಿಗೆ ಮಗಳನ್ನು ಕದ್ದು ತೋರಿಸುವ ಒಳಸಂಚು!

ಬಂಗಲೆ ಇದ್ದದ್ದು ಆನೈಮಲೆಯ ತಪ್ಪಲಲ್ಲಿ. ಜಮೀನ್ದಾರರ ಜಮೀನು ಹೋಗಿ ಬಂಗಲೆ, ತೋಟ ಎರಡೇ ಉಳಿದಿದ್ದವು. ಭಾನುವಾರ ಜನ ಪುಳಿಸಾದದ ಬುತ್ತಿ ಕಟ್ಟಿಕೊಂಡು ಬಂದು ಜಮೀನ್ದಾರರಂತೆ ಓಡಾಡಿ ಹೋಗುತ್ತಿದ್ದರು. ಬಾಡಿಗೆ ವ್ಯಾನು ಹೊರಡುವಾಗ ಎಲ್ಲರಿಗಿಂತ ಮೊದಲು ಹತ್ತಿ ಕುಳಿತವನು ಶಿವಲಿಂಗಂ.

“ನಾನೂ ಬರ್ತೀನಿ,” ಎಂದ. ಯಾರೂ ಕರೆದಿರಲಿಲ್ಲ.

ಬಂಗಲೆಯೊಳಗೆ ಅವನ ಕಣ್ಣಿಗೆ ಯಾವುದೂ ತಪ್ಪಲಿಲ್ಲ. ಗೋಡೆಯ ಹುಲಿಯ ತಲೆಯೊಳಗೆ ಇರುವುದು ಹಳೇ ಹತ್ತಿ ಎಂದು ತೀರ್ಪಿತ್ತ. ಬಾಗಿಲಿನ ರೇಷ್ಮೆ ಪರದೆಯ ಅಂಚು ಮಗುಚಿ ಎಳೆ ನೋಡುತ್ತಿದ್ದಾಗ ಕಾವಲುಗಾರ ತಮಿಳಿನಲ್ಲಿ ಕೂಗಿದ: “ಪೆರಿಯವರೇ, ತೊಡಾದೀಂಗ!” ಮುಟ್ಟಬೇಡಿ ಅಂದರೆ ಮುಚ್ಚಿಡಲು ಏನೋ ಇದೆ. ಶಿವಲಿಂಗಂ ಇವನನ್ನೂ ಸಂಚಿನವರ ಸಾಲಿಗೆ ಸೇರಿಸಿದ.

ತೋಟಕ್ಕೆ ಇಳಿದಾಗ ಪುರಾವೆ ಸಿಕ್ಕಿತು. ಒಂದು ಮರದ ನೆರಳಲ್ಲಿ ಗಂಡ, ಹೆಂಡತಿ, ಇಪ್ಪತ್ತೈದರ ಮಗ ಊಟಕ್ಕೆ ಕುಳಿತಿದ್ದರು. ಸುತ್ತ ತಮಿಳು ಗದ್ದಲ. ಅದರ ನಡುವೆ ಆ ತಾಯಿ ಮಗನಿಗೆ, “ಏ ತಂಗಮಣಿ, ನೀರು ಎತ್ಕಂಡ್ ಬಾಪ್ಪಾ,” ಎಂದಳು. ಕನ್ನಡ! ನಮ್ಮ ಕನ್ನಡ! ಇನ್ನು ಯಾವ ಸಾಕ್ಷಿ ಬೇಕು? ಅವನು ನೇರವಾಗಿ ಶತ್ರುಪಾಳೆಯಕ್ಕೆ ನುಗ್ಗಿದ.

“ಯಾವೂರು?”

“ಗಣಪತಿ ಅನ್ನೋ ಊರಿಂದುಂಗ. ನಾನು ನಂಜಪ್ಪನ್, ಇವ್ಳು ಕನ್ನಿಯಮ್ಮಾಳ್. ಕೂತ್ಕೊಳ್ಳಿ, ಪುಳಿಸಾದ ಐತೆ.” ಮಾತಿನ ತುದಿಗೆ ‘ಉಂಗ’ ಹಚ್ಚುವುದು ನಮ್ಮ ಕಡೆಯ ಮರ್ಯಾದೆ.

“ಯಾರು ಬರೋಕ್ ಏಳಿದ್ದು?”

“ಯಾರೂ ಇಲ್ಲಂಗ. ನಾವಾಗೇ ಬಂದ್ವಿ.”

“ಅಂಗೇ ಬರ್ತಾರಾ ಯಾರಾದ್ರೂ!” ಎಂದು ಗುಡುಗಿ ಹುಡುಗನತ್ತ ತಿರುಗಿದ. “ಏನು ಬೇಲೆ?”

“ಪಂಪ್ ಮಾಡೋ ಪಟ್ಟರೆಯಲ್ಲಿ ಲೇತ್ ಓಡಿಸ್ತೀನಿಂಗ.”

“ಕೈ ತೋರ್ಸು.” ಹುಡುಗ ಬೆದರಿ ಎರಡೂ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಎಣ್ಣೆ ಕಪ್ಪು. ಸರಿಯಾಗಿಯೇ ಇತ್ತು. “ಬೀಡಿ?”

“ಇಲ್ಲಂಗ.”

“ಬ್ರಾಂದಿ?”

“ಅಯ್ಯೋ, ಎಂಥಾ ಮಾತುಂಗ!” ಎಂದಳು ತಾಯಿ.

ಕೊನೆಗೆ ಶಿವಲಿಂಗಂ ಬ್ರಹ್ಮಾಸ್ತ್ರ ತೆಗೆದ. ಸುಳ್ಳರು ತಡವರಿಸುವುದು ಇಲ್ಲಿಯೇ ಎಂದು ಅವನ ಲೆಕ್ಕ. “ನೀವು ಯಾವ ಕುಲ?”

ನಮ್ಮವರಲ್ಲಿ ಈ ಪ್ರಶ್ನೆಯನ್ನು ಹೊತ್ತು ಕಳೆಯಲು ಯಾರೂ ಕೇಳುವುದಿಲ್ಲ. ಒಂದೇ ಕುಲದವರು ಅಣ್ಣತಂಗಿಯರು, ಆದ್ದರಿಂದ ಮದುವೆ ಮಾತು ಹುಟ್ಟುವುದೇ ಇಲ್ಲಿಂದ. ನಂಜಪ್ಪನ್ ಕೈ ತೊಳೆದುಕೊಂಡ. ಹೆಗಲ ಟವೆಲು ಸರಿಮಾಡಿಕೊಂಡ. ತನ್ನ ಕುಲ ಹೇಳಿ, ಮರ್ಯಾದೆಯಿಂದ ಇವನ ಕುಲ ಕೇಳಿದ. ಶಿವಲಿಂಗಂ ಎಷ್ಟೇ ಸಂಶಯಗಾರನಾದರೂ ಸುಳ್ಳ ಅಲ್ಲ. ಹೇಳಿಬಿಟ್ಟ.

“ಬೇರೆ ಬೇರೆ ಕುಲ. ಅಂಗಾದ್ರೆ ತಡೆ ಇಲ್ಲ,” ಎಂದು ಕನ್ನಿಯಮ್ಮಾಳ್ ಮುಖ ಅರಳಿಸಿದಳು. “ಎಣ್ಣು ಎಲ್ಲುಂಗ?”

“ಬಂತು ನೋಡು, ಬಾಯಿಂದ್ಲೇ ಬಂತು!” ಶಿವಲಿಂಗಂ ತೋಟವೆಲ್ಲ ಕೇಳುವಂತೆ ಕೂಗಿದ. ಹೆಂಡತಿ, ಮೈದುನ, ಮಗಳು ಓಡಿ ಬಂದರು. “ನಾಚಿಯಮ್ಮಾ, ನಿನ್ ತಮ್ಮ ಕರ್ಸಿದ ಗಂಡಿನ ಮನೆಯೋರು ಸಿಕ್ಕಾಕ್ಕಂಡ್ರು!”

“ಬಾವಾ, ಇವ್ರು ಯಾರು?” ಎಂದ ರಾಮಲಿಂಗಂ.

“ನನ್ನೇ ಕೇಳ್ತೀಯಾ? ಎಣ್ಣು ನೋಡಾಣ ಅಂದವ್ನು ನೀನು!”

ನಾಚಿಯಮ್ಮ ಹಣೆ ಚಚ್ಚಿಕೊಂಡಳು. “ಎಣ್ಣಲ್ಲುಂಗ, ಅಣ್ಣು! ಅಣ್ಣು!” ಅವಳ ಬೆರಳು ಅವರೆಲ್ಲರ ತಲೆಯ ಮೇಲಿನ ಕೊಂಬೆಯನ್ನು ತೋರಿಸಿತು. ಯಾವುದೋ ಕಾಲದ ದೊರೆ ಹಡಗಿನಲ್ಲಿ ತರಿಸಿ ನೆಟ್ಟ ಸೀಮೆಹಲಸು. ಒಂದೊಂದು ಹಣ್ಣೂ ಮಗುವಿನ ತಲೆಯಷ್ಟು. “ಇದನ್ನ ನೋಡೋಕೇ ಬಂದದ್ದು. ನಿಮ್ಗೆ ಮುಂದಾಗೇ ಏಳಿದ್ರೆ ಅದ್ರಲ್ಲಿ ಇಸ ಐತೆ ಅಂತಿದ್ರಿ.”

ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬರುವುದನ್ನು ಲೋಕ ಕಂಡಿದೆ. ಮಗಳನ್ನು ಉಳಿಸಿಕೊಳ್ಳಲು ದಂಡೆತ್ತಿ ಹೋಗಿ, ತಾನೇ ಗಂಡನ್ನು ಹಿಡಿದು, ಕೈ ನೋಡಿ, ಕುಲ ಕೇಳಿ ಮಾತು ಶುರು ಮಾಡಿದ ತಂದೆ ನಮ್ಮ ಬೀದಿಗೆ ಇವನೊಬ್ಬನೇ. ಈಗ ಹಿಂದೆ ಸರಿದರೆ ಆ ಮನೆಯವರಿಗೆ ಅವಮಾನ, ಮುಂದೆ ಹೋದರೆ ಮನೆಯಲ್ಲಿ ರುಕ್ಮಣಿ ಇರುವುದಿಲ್ಲ.

ಅವನು ಮಗಳನ್ನು ಒಣಗಿದ ಕಾರಂಜಿಯ ಹತ್ತಿರ ಕರೆದೊಯ್ದ. ದನಿಯಲ್ಲಿ ಗುಡುಗು ಇರಲಿಲ್ಲ.

“ಬ್ಯಾಡ ಅಂದ್ಬಿಡ್ಲಾಮ್ಮಾ? ತಪ್ಪು ನಂದೇ ಅಂತ ಒಪ್ಕಂತೀನಿ.”

ರುಕ್ಮಣಿ ಮರದತ್ತ ನೋಡಿದಳು. ತಂಗಮಣಿ ಇನ್ನೂ ಕೈ ಕೆಳಗಿಳಿಸಲೋ ಬೇಡವೋ ಎಂದು ತಿಳಿಯದೆ ನಿಂತಿದ್ದ.

“ಬ್ಯಾಡ ಅನ್ನೋಕ್ ಮುಂಚೆ,” ಎಂದಳು ಮೆಲ್ಲಗೆ, “ಒಂದಿನ ಏಳ್ದೇ ಓಗಿ ಅವ್ರ ಪಟ್ಟರೆ ನೋಡ್ಕಂಡು ಬನ್ನಿಪ್ಪಾ.”

ಮೊದಲ ಸಲ ಶಿವಲಿಂಗಂ ಮಗಳ ಮಾತನ್ನೂ ಮಗುಚಿ ನೋಡಿದ. ಹಿಂದೆಯೂ ಮುಂದೆಯೂ ಒಂದೇ ಅರ್ಥ ಕಂಡಿತು.

ಸೋಮವಾರ ಮೊದಲ ಬಸ್ಸಿಗೆ ಗಣಪತಿಗೆ ಹೋದ. ಪಟ್ಟರೆಯ ಎದುರಿನ ಟೀ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಪೇಪರಿನ ಮರೆಯಲ್ಲಿ ಕುಳಿತ. ಟೀಯವನನ್ನು, ಕ್ಷೌರದವನನ್ನು, ಪಕ್ಕದ ಮನೆಯ ಮುದುಕಿಯನ್ನು ಬೇರೆ ಬೇರೆಯಾಗಿ ವಿಚಾರಿಸಿದ. ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕುಸಿದ.

“ಒಂದು ತಪ್ಪೂ ಸಿಕ್ಲಿಲ್ಲ,” ಎಂದ, ಯುದ್ಧ ಸೋತವನಂತೆ.

“ಅಂಗಾದ್ರೆ?” ಎಂದಳು ನಾಚಿಯಮ್ಮ.

“ಬುಧವಾರ ಎಣ್ಣು ನೋಡೋಕ್ ಬನ್ನಿ ಅಂತ ಏಳಿ ಬಂದಿದ್ದೀನಿ.” ಅಷ್ಟು ಹೇಳಿ, ಯಾರೂ ತನ್ನ ಮುಖ ನೋಡದಂತೆ ತಲೆಗೆ ಟವೆಲು ಹೊದ್ದು ಬೀದಿಗಿಳಿದ.