ಮೂವತ್ತೊಂದನೇ ಪುಟ

ಹಿಲ್ಡಾ ಸಟ್‌ಕ್ಲಿಫ್ ಬರೆದದ್ದು ಇಪ್ಪತ್ತೊಂದು ಪತ್ತೇದಾರಿ ಕಾದಂಬರಿ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳವು. ಹಗಲು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಉಣ್ಣೆ ಗಿರಣಿಯಲ್ಲಿ ಗುಮಾಸ್ತಿಕೆ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕಂಡಕಂಡವರಿಗೆಲ್ಲ ವಿಷ ಹಾಕಿಸುವುದು. ಮದುವೆಯಾಗಲಿಲ್ಲ. ಹೇಳಿಕೊಳ್ಳುವಂಥ ಹೆಸರೂ ಬರಲಿಲ್ಲ.

ಎಂಟನೆಯ ಪುಸ್ತಕ ಅವಳ ಮನೆ ಮುರಿಯಿತು. ತಂಗಿ ಎಲ್ಸಿಯ ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅವನ ಕುಂಟು ನಡಿಗೆ, ಕೆಮ್ಮು, ಪಾರಿವಾಳದ ಹುಚ್ಚು, ಎಲ್ಲವನ್ನೂ ಎತ್ತಿ ಹಿಲ್ಡಾ ಆ ಕತೆಯ ಕೊಲೆಗಾರನಿಗೆ ಕೊಟ್ಟಿದ್ದಳು.

"ಮಣ್ಣಲ್ಲಿರೋ ನನ್ನ ಗಂಡನ್ನ ಕೊಲೆಗಾರ ಮಾಡ್ದೆಯಲ್ಲೇ ಅಕ್ಕಾ! ನಾಚ್ಕೆ ಆಗ್ಲಿಲ್ವಾ?" ಎಂದು ಎಲ್ಸಿ ಬಾಗಿಲು ಹಾಕಿಕೊಂಡಳು. ಎರಡೇ ಬೀದಿ ಆಚೆಗಿನ ಬಾಗಿಲು.

ಆ ಊರಿನ ಲೈಬ್ರರಿಯಲ್ಲಿ ಹೆಂಗಸರಿಗೊಂದು ಅಭ್ಯಾಸ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪುಸ್ತಕದೊಳಗೆ ಪೆನ್ಸಿಲಿನಲ್ಲಿ ಕಳ್ಳ ಗುರುತು ಹಾಕುವರು. ಎಲ್ಸಿಯದು ಮೂವತ್ತೊಂದನೇ ಪುಟದ ಅಂಕಿಯ ಕೆಳಗೆ ಎರಡು ಚುಕ್ಕೆ. ತನ್ನ ಹೊಸ ಪುಸ್ತಕ ಬಂದಾಗಲೆಲ್ಲ ಹಿಲ್ಡಾ ಆರು ತಿಂಗಳು ಕಾದು, ಲೈಬ್ರರಿಗೆ ಹೋಗಿ ಆ ಪುಟ ತೆಗೆಯುವಳು. ಬೇರೆಯವರ ಪುಸ್ತಕಗಳಲ್ಲಿ ಚುಕ್ಕೆ ಇರುತ್ತಿತ್ತು, ತನ್ನದರಲ್ಲಿ ಇಲ್ಲ. ಒಂದೇ ಒಂದು ಸಲ ಕಂಡರೆ ಸಾಕು, ಅವತ್ತೇ ಹೋಗಿ ತಪ್ಪಾಯಿತು ಅನ್ನುತ್ತೇನೆ ಎಂದುಕೊಳ್ಳುವಳು. ಹೀಗೆ ಹದಿಮೂರು ಪುಸ್ತಕ, ಹದಿಮೂರು ವರ್ಷ. ಹೋಗಿ ಬಾಗಿಲು ತಟ್ಟುವುದಕ್ಕೆ ಚುಕ್ಕೆ ಯಾಕೆ ಬೇಕಿತ್ತೋ, ಆ ಹಟಮಾರಿಗೇ ಗೊತ್ತು.

ನವೆಂಬರಿನಲ್ಲಿ ಎಲ್ಸಿ ಪಾರ್ಶ್ವವಾಯು ಬಡಿದು ಸತ್ತಳು. ಮಣ್ಣು ಮಾಡಿ ಬಂದವರಿಗೆ ಚರ್ಚಿನ ಸಭಾಂಗಣದಲ್ಲಿ ಟೀ, ಹಂದಿಮಾಂಸದ ಹ್ಯಾಮು ಕೊಡುತ್ತಿದ್ದಾಗ ಲೈಬ್ರರಿಯ ಮಿಸೆಸ್ ಕ್ರಾಬ್‌ಟ್ರೀ ಬಂದು ಹಿಲ್ಡಾಳ ಪಕ್ಕದಲ್ಲಿ ಕುಳಿತಳು.

"ನಿಮ್ಮ ಹೊಸ ಪುಸ್ತಕ ಬಂದ್ರೆ ಮೊದ್ಲು ಎಲ್ಸಿಗೇ ಎತ್ತಿಡ್ಬೇಕಿತ್ತು. ಒಂದಿನ ತಡವಾದ್ರೂ ನನ್ನ ಜೀವ ತಿನ್ನೋಳು."

ಹಿಲ್ಡಾ ಟೀ ಕಪ್ಪನ್ನು ಕೆಳಗಿಟ್ಟಳು. "ಸುಳ್ಳು ಹೇಳ್ಬೇಡ್ರೀ. ಒಂದ್ರಲ್ಲೂ ಅವಳ ಗುರುತಿಲ್ಲ. ನಾನೇ ನೋಡಿದೀನಿ."

"ಗುರುತು ಯಾಕೆ ಹಾಕಲ್ಲ ಅಂತ ನಾನೂ ಕೇಳಿದ್ದೆ. 'ಮರೆತುಹೋಗೋ ಪುಸ್ತಕಕ್ಕೆ ತಾನೇ ಗುರುತು? ನಮ್ಮಕ್ಕ ಬರೆದದ್ದು ನಂಗೆ ಮರೆಯುತ್ತೇನ್ರೀ?' ಅಂದ್ಳು. ನಿಮಗೆ ಹೇಳ್ಕೂಡ್ದು ಅಂದಿದ್ಳು. ನೀವಾಗೇ ಬರ್ತೀರಿ ಅಂತ ಕಾಯ್ತಿದ್ಳು ಪಾಪ."

ಹಿಲ್ಡಾ ಅಷ್ಟು ಜನರ ನಡುವೆ ಬಾಯಿ ಬಿಟ್ಟು ಅತ್ತಳು.

ವಸಂತದಲ್ಲಿ ಪ್ರಕಾಶಕರು ಫೋನ್ ಮಾಡಿ ಮುಂದಿನ ಕಾದಂಬರಿ ಎಲ್ಲಿಗೆ ಬಂತೆಂದು ಕೇಳಿದರು.

"ಕಣ್ಣೆದುರಿದ್ದ ಸುಳಿವೇ ನಂಗೆ ಅರ್ಥ ಆಗ್ಲಿಲ್ಲ. ಇನ್ನು ಬೇರೆಯವ್ರಿಗೆ ಏನಂತ ಬರೀಲಿ?" ಎಂದು ಹಿಲ್ಡಾ ಫೋನಿಟ್ಟಳು.